ಒಂದೇ ಹಂಡೆಗೆ ಸುರಿದ ಸಾಸ್

ಹ್ಯಾರೋ ಕ್ರೀಕ್, ವೆಸ್ಟ್ ವರ್ಜೀನಿಯಾ
ಶುಕ್ರವಾರ, ಅಕ್ಟೋಬರ್ 28, 1966

ವರ್ಲಿನ್,

'ಪ್ರೀತಿಯ' ಎಂದು ಶುರು ಮಾಡಿದ ಹಾಳೆಯನ್ನು ಒಲೆಗೆ ಹಾಕಿ ಇದನ್ನು ತೆಗೆದುಕೊಂಡಿದ್ದೇನೆ. ಹೆಸರೊಂದೇ ಸಾಕು. ಕ್ಷೇಮವೇ ಎಂದು ಕೇಳುವುದಿಲ್ಲ. ನೀನು ಚೆನ್ನಾಗಿದ್ದೀಯ, ಟೈರ್ ಕಾರ್ಖಾನೆಯಲ್ಲಿ ಹೆಚ್ಚುವರಿ ಪಾಳಿ ಮಾಡುತ್ತಿದ್ದೀಯ ಎಂದು ಓಹಾಯೋದ ಆಕ್ರನ್‌ನಿಂದ ಬಂದವರು ಅಂಚೆಕಚೇರಿಯಲ್ಲಿ ಹೇಳಿದರು. ಗಂಡನ ಸುದ್ದಿಯನ್ನು ಅಂಚೆಚೀಟಿ ಕೊಳ್ಳುವ ಸಾಲಿನಲ್ಲಿ ನಿಂತು ಕೇಳುವ ಯೋಗ ನನ್ನದು.

ಇದು ನಮ್ಮಿಬ್ಬರ ವಿಷಯದ ಕಾಗದವಲ್ಲ. ಇದು ನಿನ್ನ ಅಮ್ಮನ ವಿಷಯ. ಇಲ್ಲಿಂದ ಅಲ್ಲಿಗೆ ಕೆಲಸಕ್ಕೆ ಹೋದವರು ಅಷ್ಟೊಂದು ಜನರಿದ್ದಾರೆ, ಭಾನುವಾರದೊಳಗೆ ಯಾರಾದರೊಬ್ಬರು ನಿನ್ನ ಕಿವಿಗೆ ಹಾಕಿಯೇ ಹಾಕುತ್ತಾರೆ. ಉಪ್ಪು ಖಾರ ಹಚ್ಚದೆ ನಡೆದದ್ದನ್ನು ನಡೆದ ಹಾಗೆ ನನ್ನಿಂದಲೇ ತಿಳಿದುಕೊ.

ಹೋದ ಶನಿವಾರ ಚರ್ಚಿನಲ್ಲಿ ಅಗ್ನಿಶಾಮಕ ದಳದ ನಿಧಿಗಾಗಿ ಹಾಟ್ ಡಾಗ್ ಮಾರಾಟವಿತ್ತು. ಅಂದು ಸಂಜೆಯೊಳಗೆ ಅರ್ಧ ಊರು ಹೊಟ್ಟೆ ಹಿಡಿದುಕೊಂಡು ಮಲಗಿತು. ಮಕ್ಕಳು, ಪಾದ್ರಿ, ಮಾರಾಟಕ್ಕೆ ನಿಂತಿದ್ದ ದಳದವರು, ನಿನ್ನ ಅಮ್ಮ, ಯಾರನ್ನೂ ಬಿಡಲಿಲ್ಲ. ಬಹಳ ಜನ ಭಾನುವಾರ ಎದ್ದು ಓಡಾಡಿದರು. ಓಕಿ ಮಾತ್ರ ಏಳಲಿಲ್ಲ. ನಿನಗೆ ಮೊದಲ ಬಾರಿ ಅಗ್ನಿಶಾಮಕ ಲಾರಿ ಹತ್ತಿಸಿದ್ದು ತಾನೇ ಎಂದು ಇವತ್ತಿಗೂ ಕೊಚ್ಚಿಕೊಳ್ಳುತ್ತಾನಲ್ಲ, ಅದೇ ಓಕಿ. ಮೊದಲೇ ಗಣಿಯ ಧೂಳು ತಿಂದ ಎದೆ, ವಯಸ್ಸು ಬೇರೆ ಆಗಿದೆ. ಚಾರ್ಲ್ಸ್‌ಟನ್ ಆಸ್ಪತ್ರೆಗೆ ಸಾಗಿಸಿದರು. ಅವನ ಹೆಂಡತಿ ಆರ್ಡಿತ್ ಯಾರೆಂದು ನಿನಗೆ ಹೇಳಬೇಕಾಗಿಲ್ಲ. ಚರ್ಚಿನ ಮಹಿಳಾ ಕೂಟದ ಯಜಮಾನಿ. ಅಲ್ಲಿನ ನೆಲಮಾಳಿಗೆಯ ಅಡುಗೆಮನೆಯಲ್ಲಿ ಅವಳನ್ನು ಕೇಳದೆ ಒಂದು ಈರುಳ್ಳಿಯನ್ನೂ ಸುಲಿಯುವಂತಿಲ್ಲ.

ನೀನು ಗಂಡಸು, ಆ ಅಡುಗೆಮನೆಗೆ ಕಾಲಿಟ್ಟವನಲ್ಲ. ಕಿಟಕಿಯಾಚೆ ನಿಂತು, ಸಾಸಿವೆ, ಸಾಸ್, ಈರುಳ್ಳಿ, ಮೇಲೆ ಕೋಸಿನ ಪಚಡಿ ಎಲ್ಲ ಬಿದ್ದ ಹಾಟ್ ಡಾಗ್ ಇಸಿದುಕೊಂಡು ತಿಂದು ಬಾಯಿ ಒರೆಸಿಕೊಂಡು ಹೋದವನು. ಆದ್ದರಿಂದ ಒಳಗಿನ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಖೈಮಾದ ಈ ಸಾಸನ್ನು ಕೂಟದ ಹೆಂಗಸರು ಶುಕ್ರವಾರ ಅವರವರ ಮನೆಯಲ್ಲೇ ಮಾಡುತ್ತಾರೆ. ಶನಿವಾರ ಬೆಳಿಗ್ಗೆ ಪಾತ್ರೆ ಹೊತ್ತು ತಂದು, ಸೇಬು ಕಾಯಿಸುವ ಆ ದೊಡ್ಡ ತಾಮ್ರದ ಹಂಡೆಗೆ ಎಲ್ಲರದನ್ನೂ ಒಟ್ಟಿಗೆ ಸುರಿದು ಕಲಕುತ್ತಾರೆ. ಹಿಂದೊಮ್ಮೆ ಯಾರ ಸಾಸಿಗೆ ಜನ ಜಾಸ್ತಿ ಮುಗಿಬಿದ್ದರು ಎಂದು ಇಬ್ಬರು ಹೆಂಗಸರು ಜಗಳವಾಡಿ ಇಡೀ ಚಳಿಗಾಲ ಮುಖ ತಿರುಗಿಸಿಕೊಂಡಿದ್ದರಂತೆ. ಆಗಿನ ಪಾದ್ರಿಯ ಹೆಂಡತಿ ಮಾಡಿದ ಏರ್ಪಾಡು ಇದು. ಹಂಡೆಗೆ ಬಿದ್ದ ಮೇಲೆ ನನ್ನದು ನಿನ್ನದು ಎಂಬುದಿಲ್ಲ. ಹೊಗಳಿಕೆಯೂ ಎಲ್ಲರದು, ತೆಗಳಿಕೆಯೂ ಎಲ್ಲರದು.

ತೆಗಳಿಕೆ ಎಲ್ಲರದೂ ಅಲ್ಲ ಎಂದು ಈ ವಾರ ಗೊತ್ತಾಯಿತು.

ಈ ಮನೆಗೆ ಬಂದಾಗಿನಿಂದ ನನಗೆ ಕೊಟ್ಟಿದ್ದು ಒಂದೇ ಕೆಲಸ. ತಣ್ಣೀರಲ್ಲಿ ಖೈಮಾ ಹಿಸುಕುವುದು. ಹಸಿ ಮಾಂಸವನ್ನು ತಣ್ಣೀರಿಗೆ ಹಾಕಿ ಒಂದು ಗಂಟೂ ಉಳಿಯದ ಹಾಗೆ ಬೆರಳಲ್ಲಿ ಪುಡಿ ಮಾಡಿ, ಆಮೇಲೆ ಒಲೆ ಹಚ್ಚಬೇಕು. ಬಿಸಿ ಎಣ್ಣೆಗೆ ಹಾಕಿದರೆ ಉಂಡೆ ಕಟ್ಟುತ್ತದೆ, ಉಂಡೆ ಕಟ್ಟಿದ ಸಾಸ್ ಹಾಟ್ ಡಾಗ್ ಮೇಲಿನಿಂದ ಉರುಳಿ ಅಂಗಿಗೆ ಬೀಳುತ್ತದೆ. ಬೆರಳು ಮರಗಟ್ಟಿ ನೀಲಿಯಾಗುವವರೆಗೂ ನಾನು ಹಿಸುಕುತ್ತೇನೆ, ಮೆಣಸಿನ ಪುಡಿ, ಜೀರಿಗೆ, ವಿನೆಗರ್ ಹಾಕುವ ಹೊತ್ತಿಗೆ ನನ್ನನ್ನು ಪಕ್ಕಕ್ಕೆ ಸರಿಸುತ್ತಾರೆ. ನಾನು ಫೇರ್‌ಮಾಂಟ್ ಕಡೆಯವಳು, ಇಟಲಿಯವನ ಮೊಮ್ಮಗಳು, ಕ್ಯಾಥೊಲಿಕ್. ನಮ್ಮ ಕಡೆಯವರು ಸಾಸಿಗೆ ಕಣ್ಣಲ್ಲಿ ನೀರು ಬರುವಷ್ಟು ಖಾರ ಹಾಕುತ್ತೇವೆ, ಕೋಸಿನ ಪಚಡಿ ಮುಟ್ಟುವುದಿಲ್ಲ. ಹಾಟ್ ಡಾಗ್ ಮೇಲೆ ಕೋಸು ಬೇಡ ಎಂದವಳನ್ನು ಈ ಊರು ಸುಲಭವಾಗಿ ನಂಬುತ್ತದೆಯೇ?

ಈ ಸಲ ಒಬ್ಬಾಕೆಗೆ ಮಗಳ ಬಾಣಂತನಕ್ಕೆ ಹೋಗಬೇಕಾಗಿ ಬಂದು ಒಂದು ಪಾತ್ರೆ ಕಡಿಮೆಯಾಯಿತು. ಆರ್ಡಿತ್ ಒಲ್ಲದ ಮನಸ್ಸಿನಿಂದ ಅದನ್ನು ನನಗೆ ಕೊಟ್ಟಳು. ವರ್ಲಿನ್, ನಾನು ಎಷ್ಟು ಹಿಗ್ಗಿದೆನೆಂದು ನಿನಗೆ ಗೊತ್ತಾಗಬಾರದು ಎಂದುಕೊಂಡಿದ್ದೆ, ಆದರೂ ಬರೆಯುತ್ತಿದ್ದೇನೆ. ಶುಕ್ರವಾರ ಮಧ್ಯಾಹ್ನವೆಲ್ಲ ಒಂದೇ ಒಲೆಯ ಮೇಲೆ ನಿನ್ನ ಅಮ್ಮನ ಪಾತ್ರೆ, ನನ್ನ ಪಾತ್ರೆ ಅಕ್ಕಪಕ್ಕ ಕುದಿಯುತ್ತಿದ್ದವು. ಖಾರವನ್ನು ಈ ಊರಿನ ಅಳತೆಗೆ ಇಳಿಸಿದ್ದೆ.

ಅಕ್ಟೋಬರ್ ಬಂತೆಂದರೆ ಇಲ್ಲಿ ಎಲ್ಲರೂ ಪಾತ್ರೆಗೆ ಮುಚ್ಚಳ ಬಿಗಿದು ಹಿಂದಿನ ಜಗಲಿಯಲ್ಲಿಟ್ಟು ಮಲಗುತ್ತಾರೆ. ಬೆಟ್ಟದ ಚಳಿ ಬೆಳಗಾಗುವುದರೊಳಗೆ ಅದನ್ನು ಕಲ್ಲಿನಂತೆ ತಣ್ಣಗೆ ಮಾಡುತ್ತದೆ. ನನ್ನ ಅಜ್ಜಿ ಕಲಿಸಿದ್ದು ಬೇರೆ. ಪಾತ್ರೆಯನ್ನು ಹರಿಯುವ ನೀರಲ್ಲಿ ನಿಲ್ಲಿಸಿ ಆರುವವರೆಗೂ ಕೈಯಾಡಿಸಬೇಕು. ನಾನು ಹಾಗೇ ಮಾಡುತ್ತಿದ್ದಾಗ ನಿನ್ನ ಅಮ್ಮ ಬಾಗಿಲಲ್ಲಿ ನಿಂತು, ನಿಮ್ಮವರು ಸಾಸಿಗೂ ದೀಕ್ಷಾಸ್ನಾನ ಮಾಡಿಸುತ್ತಾರೇನೇ ಎಂದು ಛೇಡಿಸಿದರು. ಇಬ್ಬರೂ ನಕ್ಕೆವು. ಆರಿದ ನನ್ನ ಪಾತ್ರೆಯನ್ನು ಫ್ರಿಜ್ಜಿನಲ್ಲಿ ತುರುಕಿದೆ, ಅವರದು ಎಂದಿನಂತೆ ಬಿಸಿಬಿಸಿಯಾಗಿಯೇ ಜಗಲಿಗೆ ಹೋಯಿತು. ಆ ದಿನ ಚಳಿಯೇ ಇರಲಿಲ್ಲ. ಶರತ್ಕಾಲದ ನಡುವೆ ಎಲ್ಲಿಂದಲೋ ಬರುವ ಬೆಚ್ಚನೆಯ ಗಾಳಿ, ಹೊದಿಕೆ ಒದ್ದು ಮಲಗುವಂಥ ಸೆಖೆ. ಮಿಕ್ಕವರ ಪಾತ್ರೆಗಳೂ ಜಗಲಿಯಲ್ಲೇ ಇದ್ದವು. ಆದರೆ ಬೆಳಿಗ್ಗೆ ಮುಚ್ಚಳ ತೆಗೆದು ಮೂಸಿ ನೋಡುವ ಮೂಗು ಅವರಿಗೆಲ್ಲ ಇತ್ತು.

ನಿನ್ನ ಅಮ್ಮನಿಗೆ ಇಲ್ಲ. ಈಗ ನೀನು ಒಂದು ನಿಮಿಷ ಕಾಗದ ಕೆಳಗಿಡು.

ನೀನು ಆಕ್ರನ್‌ಗೆ ಹೋದ ಚಳಿಗಾಲದಲ್ಲಿ ಅವರಿಗೆ ಜೋರು ಫ್ಲೂ ಬಂದಿತ್ತಲ್ಲ, ಜ್ವರ ಹೋಗುವಾಗ ವಾಸನೆಯನ್ನೂ ರುಚಿಯನ್ನೂ ತೆಗೆದುಕೊಂಡು ಹೋಯಿತು. ಒಮ್ಮೆ ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಹೊಗೆಯ ನಾತ ಹೊಡೆಯುತ್ತಿದ್ದರೂ ಅವರು ಪಕ್ಕದಲ್ಲೇ ಕೂತು ಹೊಲಿಗೆ ಹಾಕುತ್ತಿದ್ದರು. ಅವತ್ತು ನನಗೆ ತಿಳಿಯಿತು. ಅವರು ಬಾಯಿಬಿಡಲಿಲ್ಲ, ನಾನೂ ಕೇಳಲಿಲ್ಲ. ಓರ್ಫಾಳ ಕೈರುಚಿ ಎಂದು ಊರು ಅವರ ಹೆಸರು ಹಿಡಿದು ಹೊಗಳುತ್ತದೆ. ಗಂಡ ಗಣಿಯಲ್ಲಿ ಹೋದ, ಮಗ ಓಹಾಯೋದಲ್ಲಿ ಕಳೆದುಹೋದ, ಉಳಿದದ್ದು ಅದೊಂದು ಹೆಸರು. ಅದನ್ನೂ ನಾನು ಕಿತ್ತುಕೊಳ್ಳಲೇ? ಮಾರಾಟವಿದ್ದ ಶನಿವಾರಗಳಂದು ಅವರಿಗಿಂತ ಮೊದಲು ಎದ್ದು ಜಗಲಿಗೆ ಹೋಗಿ ಮುಚ್ಚಳ ತೆಗೆದು ಮೂಸಿ, ಒಂದು ಚಮಚ ಬಾಯಿಗೆ ಹಾಕಿಕೊಂಡು, ಉಪ್ಪೋ ಹುಳಿಯೋ ಕಡಿಮೆಯಿದ್ದರೆ ಸೇರಿಸಿ ಮುಚ್ಚಿಟ್ಟು ಬರುತ್ತಿದ್ದೆ. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ.

ಹೋದ ಶನಿವಾರ ನಾನು ಮುಚ್ಚಳ ತೆಗೆಯಲಿಲ್ಲ. ನೀನು ಬೆಳಗಿನ ಬಸ್ಸಿಗೆ ಬರುತ್ತೇನೆ, ನಮ್ಮ ವಿಷಯ ಎದುರುಬದುರು ಕೂತು ಇತ್ಯರ್ಥ ಮಾಡೋಣ ಎಂದು ಬರೆದಿದ್ದೆ. ಅಮ್ಮನಿಗೆ ಹೇಳಬೇಡ ಎಂದೂ ಬರೆದಿದ್ದೆ. ಕತ್ತಲಿರುವಾಗಲೇ ಎದ್ದು, ಒಳ್ಳೆಯ ಕೋಟು ಹಾಕಿಕೊಂಡು, ಹೆದ್ದಾರಿಯ ತಿರುವಿನವರೆಗೆ ನಡೆದು ಹೋಗಿ ನಿಂತೆ. ಬೆಳಗಿನ ಬಸ್ಸಿನಿಂದ ಒಬ್ಬ ಹೊಲಿಗೆ ಯಂತ್ರದ ವ್ಯಾಪಾರಿ ಇಳಿದ. ಮಧ್ಯಾಹ್ನದ ಬಸ್ಸು ನಿಲ್ಲಲೇ ಇಲ್ಲ. ನಾನು ಮನೆಗೆ ಬರುವಷ್ಟರಲ್ಲಿ ನಿನ್ನ ಅಮ್ಮ ಎರಡೂ ಪಾತ್ರೆಗಳನ್ನು ನೆರೆಯವರ ಟ್ರಕ್ಕಿನಲ್ಲಿ ಚರ್ಚಿಗೆ ಸಾಗಿಸಿ, ಹಂಡೆಗೆ ಸುರಿದು, ಮಾರಾಟ ಮುಗಿಸಿ, ಖಾಲಿ ಪಾತ್ರೆಗಳನ್ನು ತಂದು ತೊಟ್ಟಿಯಲ್ಲಿ ನೆನೆಹಾಕಿದ್ದರು. ತಳದಲ್ಲಿ ಹಿಡಿದಿದ್ದನ್ನು ಕೆರೆಯಲು ಕೂತವಳಿಗೆ ಅವರ ಪಾತ್ರೆಯಿಂದ ಹುಳಿ ನಾತ ಗಪ್ಪೆಂದು ಹೊಡೆಯಿತು. ಅಷ್ಟು ಮಸಾಲೆಯ ಹಂಡೆಯಲ್ಲಿ ಅದು ಅಡಗಿಹೋಗಿತ್ತು. ಪಾತ್ರೆ ಹಿಡಿದುಕೊಂಡು ಓಡಿಹೋಗಿ ಊರಿಗೆ ಕೂಗಿ ಹೇಳಬೇಕೆನ್ನಿಸಿತು. ಅಷ್ಟರಲ್ಲಿ ನಿನ್ನ ಅಮ್ಮ ಬಚ್ಚಲಲ್ಲಿ ವಾಂತಿ ಮಾಡಿಕೊಳ್ಳುವ ಸದ್ದು ಕೇಳಿಸಿತು.

ಆರೋಗ್ಯ ಇಲಾಖೆಯವನು ಬಂದ. ಯಾವುದೋ ಪಾತ್ರೆ ಬೆಚ್ಚಗಿನ ಜಾಗದಲ್ಲಿ ಬಹಳ ಹೊತ್ತು ಉಳಿದು ಕೆಟ್ಟಿದೆ, ಒಂದು ಕೆಟ್ಟರೆ ಹಂಡೆಯೆಲ್ಲ ಕೆಟ್ಟಂತೆ, ಇನ್ನು ಮುಂದೆ ಚರ್ಚಿನಲ್ಲೇ ಬೇಯಿಸಿ ಅಂದೇ ಮಾರಿ ಎಂದು ಹೇಳಿ ಹೋದ. ಯಾರ ಪಾತ್ರೆ ಎಂದು ಕೇಳಿದ. ಒಟ್ಟಿಗೆ ಸುರಿಯುತ್ತೇವೆ, ಗೊತ್ತಾಗುವುದಿಲ್ಲ ಎಂದು ಹೆಂಗಸರೆಲ್ಲ ಒಂದೇ ಬಾಯಿಂದ ಹೇಳಿದರು. ಅವನ ಕಾರು ಸೇತುವೆ ದಾಟುವವರೆಗೂ ಕಾದು ನನ್ನ ಕಡೆ ತಿರುಗಿದರು. ಇಷ್ಟು ವರ್ಷ ಸುರಿದಾಗ ಏನೂ ಆಗಿರಲಿಲ್ಲ, ಹೊಸ ಪಾತ್ರೆ ಬಂದ ದಿನವೇ ಊರು ಮಲಗಿತು ಎಂಬುದು ಅವರ ಲೆಕ್ಕ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಆ ದಿನ ನಾನು ಮಾರಾಟಕ್ಕೆ ಹೋಗಿರಲಿಲ್ಲ, ಒಂದು ಹಾಟ್ ಡಾಗನ್ನೂ ತಿಂದಿರಲಿಲ್ಲ. ತಾನು ಮಾಡಿದ್ದನ್ನು ತಾನೇ ಬಾಯಿಗೆ ಹಾಕಲಿಲ್ಲ, ಎಲ್ಲಿಗೆ ಹೋಗಿದ್ದಳು ಎಂದು ಕೇಳಿದರು. ನಾನು ಹೇಳಲಿಲ್ಲ. ಬಾರದ ಗಂಡನಿಗೆ ಕಾಯುತ್ತ ರಸ್ತೆಯ ತಿರುವಿನಲ್ಲಿ ನಿಂತಿದ್ದೆ ಎಂದು ಆ ಹೆಂಗಸರ ಮುಂದೆ ಹೇಳುವುದಕ್ಕಿಂತ ವಿಷ ಹಾಕಿದವಳು ಅನ್ನಿಸಿಕೊಳ್ಳುವುದೇ ಮೇಲು ಎನ್ನಿಸಿತು. ಇದು ನನ್ನ ಸೊಕ್ಕು, ಗೊತ್ತು.

ಸೋಮವಾರ ಆರ್ಡಿತ್ ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ ಬಂದಳು. ಒಳಗೆ ಬರಲಿಲ್ಲ. ನಾನು ಅಡುಗೆಮನೆಯಲ್ಲಿ ಇದ್ದೇನೆಂದು ತಿಳಿದೇ ಜಗಲಿಯ ಮೇಲೆ ನಿಂತು ನಿನ್ನ ಅಮ್ಮನಿಗೆ ಹೇಳಿದಳು.

"ಓರ್ಫಾ, ನನ್ನ ಗಂಡನ ಮೂಗಿಗೆ ನಳಿಗೆ ಹಾಕಿದಾರೆ. ಇವಳನ್ನ ನೀನು ಮನೇಲಿ ಇಟ್ಕೊಳ್ಳೋದಾದ್ರೆ ನೆಲಮಾಳಿಗೆಗೆ ಬರಬೇಡ. ಬುಧವಾರ ಕೂಟ ಸೇರುತ್ತೆ, ಅಷ್ಟರಲ್ಲಿ ತೀರ್ಮಾನ ಮಾಡ್ಕೋ."

ನಿನ್ನ ಅಮ್ಮ ಯೋಚನೆ ಮಾಡುತ್ತೇನೆ ಎಂದರು. ಅಷ್ಟೇ. ಛೇ, ಅವಳು ಅಂಥವಳಲ್ಲ ಎಂದು ಒಂದು ಮಾತು ಬರಲಿಲ್ಲ.

ನನಗೆ ಹೋಗಲು ಇನ್ನೊಂದು ಮನೆಯಿಲ್ಲ ಎಂಬುದು ನಿನಗೂ ಗೊತ್ತು, ಅವರಿಗೂ ಗೊತ್ತು. ಅಪ್ಪ ಅಮ್ಮ ಇಬ್ಬರೂ ಮಣ್ಣಾಗಿದ್ದಾರೆ, ಫೇರ್‌ಮಾಂಟಿನ ಮನೆಯಲ್ಲಿ ಅಣ್ಣನ ಹೆಂಡತಿಯ ತಾಯಿ ಬಂದು ಕೂತಿದ್ದಾಳೆ. ನೀನು ಆಕ್ರನ್‌ಗೆ ಕರೆಯಲಿಲ್ಲ. ಈ ಮಾಡಿನ ಕೆಳಗೆ ಒಂದು ಮಂಚ, ಕಿಟಕಿಯ ಹತ್ತಿರ ಒಂದು ಕುರ್ಚಿ, ಇಷ್ಟೇ ನನ್ನದು. ಅದೂ ಬುಧವಾರದವರೆಗೆ ಮಾತ್ರ ಎನ್ನಿಸಿತ್ತು. ಆ ಎರಡು ದಿನ ಊಟಕ್ಕೆ ಎದುರುಬದುರೇ ಕೂತೆವು. ಬ್ರೆಡ್ ಕೊಡು ಎನ್ನುವುದಕ್ಕೂ ಕೈ ತೋರಿಸುತ್ತಿದ್ದರು. ಪಾತ್ರೆ ನಿಮ್ಮದು ಎಂದು ಒಂದು ಮಾತು ಹೇಳಿದರೆ ನಾನು ಉಳಿಯುತ್ತೇನೆ, ಅವರು ಮುಗಿಯುತ್ತಾರೆ. ಹೇಳದಿದ್ದರೆ ಅವರು ಉಳಿಯುತ್ತಾರೆ, ನಾನು ರಸ್ತೆಗೆ. ಅವರಿಗೆ ತಮ್ಮ ಪಾತ್ರೆಯದೇ ತಪ್ಪು ಎಂದು ಗೊತ್ತಿದೆಯೋ ಇಲ್ಲವೋ ಅದೂ ತಿಳಿಯದು. ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು, ನಿನ್ನನ್ನು ಬೈದುಕೊಂಡು ಬಟ್ಟೆ ಒಗೆದೆ.

ನನ್ನ ಹತ್ತಿರ ಒಂದು ಆಧಾರವಿತ್ತು. ನನ್ನ ಪಾತ್ರೆಯ ಸಾಸಿನಲ್ಲಿ ಒಂದು ಸಣ್ಣ ಜಾಡಿಯಷ್ಟನ್ನು ಶುಕ್ರವಾರವೇ ಬೇರೆ ತೆಗೆದು ಫ್ರಿಜ್ಜಿನಲ್ಲಿ ಇಟ್ಟಿದ್ದೆ. ಯಾರಿಗಾಗಿ ಎಂದು ಕೇಳಬೇಡ. ಅದು ಕೆಟ್ಟಿಲ್ಲ ಎಂದು ತೋರಿಸಿದರೆ ನನ್ನ ಮೇಲಿನ ಮಾತು ಹೋಗುತ್ತದೆ, ಇನ್ನಾರ ಮೇಲೂ ನಾನು ಬೆರಳು ತೋರಿಸಿದಂತಾಗುವುದಿಲ್ಲ ಎಂದು ಲೆಕ್ಕ ಹಾಕಿದೆ. ಬುಧವಾರ ಅದನ್ನು ಕೈಚೀಲದಲ್ಲಿಟ್ಟುಕೊಂಡು ಹೊರಟೆ. ನಿನ್ನ ಅಮ್ಮ ನನ್ನ ಜೊತೆ ಬರಲಿಲ್ಲ. ಕಾಫಿ ಕಾಯಿಸಬೇಕೆಂದು ಮೊದಲೇ ಹೋಗಿದ್ದರು.

ನೆಲಮಾಳಿಗೆಯಲ್ಲಿ ಹೆಂಗಸರು ಉದ್ದ ಮೇಜಿನ ಸುತ್ತ ಕೂತಿದ್ದರು. ಆ ಹಂಡೆಯನ್ನು ಉಜ್ಜಿ ಬೋರಲು ಹಾಕಿದ್ದರು. ಆರ್ಡಿತ್ ನನಗೆ ಕುರ್ಚಿ ತೋರಿಸಲಿಲ್ಲ, ನಿಂತೇ ಇದ್ದೆ. ಅವಳ ಕಣ್ಣು ಊದಿಕೊಂಡಿದ್ದವು. ಆಸ್ಪತ್ರೆಯ ಕುರ್ಚಿಯಲ್ಲೇ ಮಲಗಿ ಏಳುತ್ತಿದ್ದಾಳೆ, ಪಾಪ. ಅವಳು ಕೆಟ್ಟವಳು ಎಂದು ನಾನು ಹೇಳುವುದಿಲ್ಲ. ಹೇಳುವುದೇನಾದರೂ ಇದ್ದರೆ ಹೇಳು ಎಂದಳು. ಇದು ನನ್ನ ಪಾತ್ರೆಯದು, ಹಂಡೆ ಸೇರುವ ಮೊದಲೇ ತೆಗೆದಿಟ್ಟದ್ದು, ನೀವೇ ಮೂಸಿ ನೋಡಿ ಎಂದು ಜಾಡಿಯ ಮುಚ್ಚಳ ತಿರುಗಿಸಿ ಅವಳ ಮುಂದಿಟ್ಟೆ.

ಆರ್ಡಿತ್ ಮೂಸಿದಳು. ಬೆರಳಿಂದ ಚೂರು ತೆಗೆದು ನಾಲಿಗೆಗೆ ಹಚ್ಚಿಕೊಂಡಳು. ಪಕ್ಕದವಳಿಗೆ ದಾಟಿಸಿದಳು. ಒಬ್ಬೊಬ್ಬರ ಮೂಗಿನ ಕೆಳಗೂ ಜಾಡಿ ಹೋಯಿತು. ನಾನು ಒಂದೊಂದು ಮುಖವನ್ನೂ ನೋಡುತ್ತಿದ್ದೆ. ಯಾರೂ ಮುಖ ಸಿಂಡರಿಸಲಿಲ್ಲ, ಆದರೆ ಯಾರೂ ನಗಲೂ ಇಲ್ಲ. ಚೆನ್ನಾಗಿದೆ ಎಂದು ಮೊದಲು ಹೇಳುವ ಧೈರ್ಯ ಅವರಲ್ಲಿ ಒಬ್ಬರಿಗೂ ಇರಲಿಲ್ಲ. ಚೆನ್ನಾಗಿದೆ ಎಂದರೆ ಮುಂದಿನ ಪ್ರಶ್ನೆ, ಹಾಗಾದರೆ ಕೆಟ್ಟದ್ದು ಯಾರದು?

ಅಷ್ಟರಲ್ಲಿ ನಿನ್ನ ಅಮ್ಮ ಕಾಫಿಯ ತಟ್ಟೆ ಹಿಡಿದುಕೊಂಡು ಅಡುಗೆಮನೆಯಿಂದ ಹೊರಗೆ ಬಂದು ಅದನ್ನು ಮೇಜಿನ ತುದಿಯಲ್ಲಿಟ್ಟರು. ಜಾಡಿ ಯಾವುದೆಂದು ನಾನು ಹೇಳಿದ್ದು ಅವರಿಗೆ ಕೇಳಿಸಿರಲಿಲ್ಲ. ಕೊನೆಯವಳು ಜಾಡಿಯನ್ನು ಅವರ ಕೈಗೆ ಕೊಟ್ಟಳು. ಅವರು ಮೇಜಿನ ಸುತ್ತಲಿನ ಜೋತುಬಿದ್ದ ಮುಖಗಳನ್ನು ಒಮ್ಮೆ ನೋಡಿದರು. ಜಾಡಿಯನ್ನು ಮೂಗಿನ ಹತ್ತಿರ ತಂದರು. ತಟ್ಟನೆ ತಲೆ ಹಿಂದಕ್ಕೆಳೆದುಕೊಂಡು, ಏಪ್ರನ್ನಿನ ಅಂಚು ಮೂಗಿಗೆ ಒತ್ತಿಕೊಂಡು ಹೇಳಿದರು.

"ಥೂ, ಎಂಥಾ ಗಬ್ಬು ಇದು. ಹುಳಿ ಹಿಡಿದು ಹೋಗಿದೆ."

ವರ್ಲಿನ್, ನನ್ನನ್ನು ಬಿಟ್ಟುಕೊಟ್ಟರು ಎಂದೇ ಮೊದಲು ಅನ್ನಿಸಿದ್ದು. ಮುಂಜಾನೆ ಎದ್ದು ಅವರ ಮರ್ಯಾದೆ ಕಾಯ್ದವಳನ್ನು ಊರ ಮುಂದೆ ಒಂದೇ ಮಾತಿಗೆ ಕೈಬಿಟ್ಟರು ಎಂದು. ಆಮೇಲೆ ಮೇಜಿನ ಕಡೆ ನೋಡಿದೆ. ಹೆಂಗಸರು ನನ್ನನ್ನು ನೋಡುತ್ತಿರಲಿಲ್ಲ. ಎಲ್ಲರೂ ನಿನ್ನ ಅಮ್ಮನನ್ನು ನೋಡುತ್ತಿದ್ದರು. ಜಾಡಿ ಮೂಸಿ ಒಳ್ಳೆಯದಿದೆ ಎಂದು ತಿಳಿದವರು ಅವರೆಲ್ಲ. ಒಬ್ಬಳು ಕಾಫಿಯ ಕಪ್ಪಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. ನಿನ್ನ ಅಮ್ಮ ಒಂದೊಂದೇ ಮುಖ ನೋಡುತ್ತ ಬಂದರು, ಏಪ್ರನ್ನಿನ ಅಂಚು ಮೂಗಿನಿಂದ ನಿಧಾನವಾಗಿ ಕೆಳಗಿಳಿಯಿತು.

ನನಗೆ ಏನಾಯಿತೋ ಗೊತ್ತಿಲ್ಲ. ಜಾಡಿ ಕಿತ್ತುಕೊಂಡು ಬೆರಳದ್ದಿ ಬಾಯಿಗೆ ಹಾಕಿಕೊಂಡು, ಹೌದು, ಅತ್ತೆ ಹೇಳಿದ್ದು ಸರಿ, ಕೆಟ್ಟಿದೆ, ನನ್ನದೇ ತಪ್ಪು ಎಂದುಬಿಟ್ಟೆ. ಅದರಷ್ಟು ರುಚಿಯಾದ ಸಾಸನ್ನು ನಾನು ಜನ್ಮದಲ್ಲಿ ಮಾಡಿಲ್ಲ.

"ಸುಮ್ನಿರು ಎಲ್ವಿರಾ," ಎಂದಳು ಆರ್ಡಿತ್. ಜೋರಾಗಿ ಹೇಳಲಿಲ್ಲ. ನಿನ್ನ ಅಮ್ಮನ ಕಡೆ ತಿರುಗಿ, "ಯಾವಾಗಿಂದ ಓರ್ಫಾ?" ಎಂದು ಕೇಳಿದಳು.

ನಿನ್ನ ಅಮ್ಮ ಕಾಫಿಯ ತಟ್ಟೆಯನ್ನು ಮೇಜಿನ ನಡುವಿಗೆ ಸರಿಸಿ, ಕಪ್ಪುಗಳನ್ನು ಸರಿ ಮಾಡಿ, ಆಮೇಲೆ ಬಾಯಿಬಿಟ್ಟರು.

"ಈ ಹುಡುಗಿ ನನಗಿಂತ ಮುಂಚೆ ಎದ್ದು ಪಾತ್ರೆ ಮುಚ್ಚಳ ತೆಗೆಯೋಕೆ ಶುರು ಮಾಡಿದಾಗಿಂದ. ನನಗೆ ಗೊತ್ತಿಲ್ಲ ಅಂದ್ಕೊಂಡಿದಾಳೆ. ಹೋದ ಶನಿವಾರ ಅವಳು ಮನೇಲಿರಲಿಲ್ಲ. ಇಲ್ಲ ಅಂತ ಗೊತ್ತಿದ್ದೂ ನಾನು ಪಾತ್ರೆ ತಂದು ಸುರಿದೆ ಆರ್ಡಿತ್. ಮೂಸಿಕೊಡಿ ಅಂತ ನಿಮ್ಮ ಯಾರ ಹತ್ರನೂ ಕೇಳೋಕೆ ನನಗೆ ಬಾಯಿ ಬರಲಿಲ್ಲ."

ಆರ್ಡಿತ್ ಮೇಜಿನ ಮೇಲೆ ಕೈಯೂರಿ ಎದ್ದಳು. ಕಿರುಚುತ್ತಾಳೆ, ಹೊಡೆದೇಬಿಡುತ್ತಾಳೆ ಎಂದುಕೊಂಡೆ. ಅವಳಿಗೆ ಆ ಹಕ್ಕೂ ಇತ್ತು. ಅವಳು ಹೇಳಿದ್ದು ಇಷ್ಟೇ. ಇವತ್ತಿನಿಂದ ಓರ್ಫಾ ಪಾತ್ರೆ ತರುವುದು ಬೇಡ. ಜಿಂಕೆ ಬೇಟೆ ಶುರುವಾಗುವ ಮುಂಚಿನ ಶನಿವಾರ ದೊಡ್ಡ ಮಾರಾಟವಿದೆ, ಅದಕ್ಕೆ ಎಲ್ವಿರಾ ಬಂದು ಇಲ್ಲೇ ತನ್ನ ಪಾತ್ರೆ ಬೇಯಿಸಲಿ.

ನೋಡು, ಈ ಊರಿಗೆ ಬಂದ ದಿನದಿಂದ ನಾನು ಕಾಯುತ್ತಿದ್ದ ಮಾತು ಅದು. ಕೊನೆಗೂ ಬಂತು, ಬಂದ ಹೊತ್ತು ನೋಡು. ನಿನ್ನ ಅಮ್ಮ ಕೋಟಿಗೆ ಕೈ ತೂರಿಸಲು ಹೋಗಿ ತೋಳು ಸಿಗದೆ ತಡಕಾಡುತ್ತಿದ್ದರು. ನಾನು ಹೋಗಿ ತೋಳು ಹಿಡಿದು ಕೋಟು ತೊಡಿಸಿದೆ.

"ನಾನು ಬಂದ್ರೆ ಎರಡು ಪಾತ್ರೆ ಬೇಯುತ್ತೆ," ಎಂದೆ. "ಯಾವುದು ನಂದು, ಯಾವುದು ಅತ್ತೇದು ಅಂತ ನೀವೇ ಮೂಸಿ ಹೇಳಿ. ಹೇಳೋಕಾದ್ರೆ ಅವರದನ್ನ ಚೆಲ್ಲಿಬಿಡಿ."

ಸೊಸೆಯಂದಿರು ಅಲ್ಲಿ ಹಾಗೆ ಮಾತಾಡುವುದಿಲ್ಲ. ಆರ್ಡಿತ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೊದಲು ಓಕಿ ಮನೆಗೆ ಬರಲಿ, ಆಮೇಲೆ ಪಾತ್ರೆಯ ಮಾತು ಎಂದಳು. ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ಮನೆಗೆ ನಡೆದು ಬರುವಾಗ ನಿನ್ನ ಅಮ್ಮ ನನ್ನ ತೋಳು ಹಿಡಿದುಕೊಂಡಿದ್ದರು. ಜಾಡಿಯಲ್ಲಿದ್ದದ್ದು ಹಂಡೆಯ ಸಾಸ್ ಎಂದುಕೊಂಡರಂತೆ. ಆರ್ಡಿತ್ ಒಂದು ಬಾಟಲಿ ಉಳಿಸಿಕೊಂಡಿದ್ದಾಳೆ, ಎಲ್ಲರಿಗೂ ಮೂಸಿಸುತ್ತಾಳೆ ಎಂದು ಯಾರೋ ಅವರಿಗೆ ಹೇಳಿದ್ದರಂತೆ. ಎಲ್ಲರ ಮುಖವೂ ಜೋತುಬಿದ್ದಿತ್ತು, ಅದಕ್ಕೇ ನಾನೂ ಮುಖ ಹಿಂಡಿದೆ ಎಂದರು. ನಿನ್ನ ಮೇಲೆ ಹಾಕಬೇಕೆಂದಲ್ಲ ಕಣೇ ಎಂದರು. ನಂಬಿದೆ. ಪೂರ್ತಿ ನಂಬಿದೆನೇ? ಸೋಮವಾರದ ಆ ಯೋಚನೆ ಮಾಡುತ್ತೇನೆ ಎಂಬ ಮಾತು ಇನ್ನೂ ಮರೆತಿಲ್ಲ. ಅದನ್ನೂ ಕೇಳಿದೆ. ಎರಡು ದಿನ ಯೋಚನೆ ಮಾಡಿದ್ದು ನಿಜ, ಅದಕ್ಕೆ ನನಗೆ ನಾಚಿಕೆಯಾಗುತ್ತದೆ ಎಂದರು. ಸುಳ್ಳು ಹೇಳಿದ್ದರೆ ನನಗೆ ಹೆಚ್ಚು ನೋವಾಗುತ್ತಿತ್ತು.

ಇವತ್ತಿನ ಸುದ್ದಿಯೆಂದರೆ ಓಕಿಯ ಮೂಗಿನ ನಳಿಗೆ ತೆಗೆದಿದ್ದಾರೆ, ಗಂಜಿ ಕುಡಿದ. ಗಂಡಾಂತರ ದಾಟಿದೆ ಎಂದು ಡಾಕ್ಟರು ಇನ್ನೂ ಹೇಳಿಲ್ಲ. ನಿನ್ನ ಅಮ್ಮ ಬೆಳಿಗ್ಗೆ ಎದ್ದು ಆಸ್ಪತ್ರೆಗೆ ಹೋಗಲು ತಯಾರಾದರು. ಆರ್ಡಿತ್ ಬಾಗಿಲಲ್ಲೇ ತಡೆದರೆ ಎಂದು ಕೇಳಿದೆ. ತಡೆದರೆ ಬಾಗಿಲಲ್ಲೇ ಕೂರುತ್ತೇನೆ ಎಂದರು. ಹೋದರು. ಸಂಜೆ ಬಂದರು. ಒಳಗೆ ಬಿಟ್ಟಳೋ ಇಲ್ಲವೋ ಹೇಳಲಿಲ್ಲ, ನಾಳೆಯೂ ಹೋಗುತ್ತಾರಂತೆ. ಕೂಟದವರು ಬೀದಿಯಲ್ಲಿ ಎದುರು ಸಿಕ್ಕರೆ ನನಗೆ ತಲೆಯಾಡಿಸುತ್ತಾರೆ, ನಿನ್ನ ಅಮ್ಮನನ್ನು ನೋಡದ ಹಾಗೆ ಹೋಗುತ್ತಾರೆ. ಇದು ಇಷ್ಟು ಬೇಗ ಮುಗಿಯುವುದಲ್ಲ.

ಶನಿವಾರ ನೀನು ಯಾಕೆ ಬರಲಿಲ್ಲ ಎಂದು ನಾನು ಕೇಳುತ್ತಿಲ್ಲ. ಪಾಳಿ ಸಿಕ್ಕಿರಬಹುದು, ಮನಸ್ಸು ಬದಲಾಗಿರಬಹುದು, ಬೇರೆ ಯಾರಾದರೂ ಇರಬಹುದು. ಬಸ್ಸಿನಿಂದ ಇಳಿದು ನನ್ನನ್ನು ಕರೆದುಕೊಂಡು ಹೋಗುತ್ತೇನೆ ಎಂದಿದ್ದರೆ ಕೋಟು ಬಿಚ್ಚದೆ ಹಾಗೇ ಬಂದುಬಿಡುತ್ತಿದ್ದೆ. ಈಗ ನೀನು ಕರೆದರೂ ನಾನು ಬರುವ ಹಾಗಿಲ್ಲ. ಇಲ್ಲೊಬ್ಬರಿಗೆ ಹಾಲು ಸೀದರೆ ತಿಳಿಯುವುದಿಲ್ಲ, ಗ್ಯಾಸು ಸೋರಿದರೆ ತಿಳಿಯುವುದಿಲ್ಲ. ನಿನ್ನ ಮೇಲೆ ಸಿಟ್ಟಿದೆ. ಸಿಟ್ಟಿನ ಕೆಳಗೆ ಇನ್ನೇನಿದೆ ಎಂದು ನೋಡಲು ನನಗೆ ಸದ್ಯ ಪುರಸೊತ್ತಿಲ್ಲ.

ಚಳಿ ಈಗ ಸರಿಯಾಗಿ ಶುರುವಾಗಿದೆ. ನಿನ್ನ ಉಣ್ಣೆಯ ಅಂಗಿ ಇಲ್ಲೇ ಉಳಿದಿದೆ, ಪಾರ್ಸೆಲ್ ಮಾಡುತ್ತೇನೆ.

ಎಲ್ವಿರಾ

ಮರೆತಿದ್ದೆ: ಈ ಕಾಗದ ಬರೆಯುವಾಗ ನಿನ್ನ ಅಮ್ಮ ಮೇಜಿನ ಆಚೆ ಕೂತಿದ್ದರು. ಬರೆದದ್ದನ್ನೆಲ್ಲ, ಅವರ ಮೂಗಿನದು, ಸೋಮವಾರದ್ದು, ನಾನು ಬಸ್ಸಿಗೆ ಕಾದದ್ದು, ಒಂದಕ್ಷರ ಬಿಡದೆ ಓದಿ ಹೇಳಿದೆ. ಬಸ್ಸಿನ ವಿಷಯ ಅವರಿಗೆ ಈಗಲೇ ಗೊತ್ತಾದದ್ದು. ಆಮೇಲೆ ಎದ್ದು, ನೀನು ಹೋದಾಗಿನಿಂದ ತಾವೇ ಇಟ್ಟುಕೊಂಡಿದ್ದ ನಿನ್ನ ಕೋಣೆಯ ಬೀಗದ ಕೈ ತಂದು ನನ್ನ ಮುಂದಿಟ್ಟು, ಹೀಗೆ ಬರೆ ಎಂದರು: "ವರ್ಲಿನ್, ಬರೋದಾದ್ರೆ ಮೊದಲು ಕಾಗದ ಹಾಕಿ ಎಲ್ವಿರಾನ್ನ ಕೇಳು. ನನ್ನ ಕೇಳಬೇಡ. ಅವಳು ಬಾ ಅಂದ್ರೆ ಬಾ, ಬೇಡ ಅಂದ್ರೆ ಅಲ್ಲೇ ಇರು. ಇದು ಅವಳ ಮನೆ." ಅವರು ಹೇಳಿದ ಹಾಗೇ ಬರೆದಿದ್ದೇನೆ. ನೀನು ಕೇಳಿದರೆ ಏನು ಉತ್ತರ ಕೊಡುತ್ತೇನೆಂದು ನನಗೇ ಇನ್ನೂ ಗೊತ್ತಿಲ್ಲ.